ಮೊದಲು ನೆಲ, ಆಮೇಲೆ ಗೋಡೆ

ಕಳೆದ ವಾರ ಹೊಳೆನರಸೀಪುರದ ಓದುಗರೊಬ್ಬರು ನಮಗೆ ಫೋನ್ ಮಾಡಿದ್ದರು. ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವರು. ಹತ್ತನೇ ತರಗತಿ ಓದುವ ಅವರ ಮಗ, ಅರ್ಧಕ್ಕೆ ನಿಂತ ಕಟ್ಟಡವೊಂದರ ಸಜ್ಜಾದ ಮೇಲಿಂದ ಹಾರಿ ಮಣಿಕಟ್ಟು ಮುರಿದುಕೊಂಡಿದ್ದಾನೆ. ಕೆಳಗೆ ಜಲ್ಲಿ ರಾಶಿ, ಎದುರಿಗೆ ಮೊಬೈಲ್ ಹಿಡಿದು ನಿಂತ ಗೆಳೆಯ. ಇಷ್ಟು ಹೇಳಿದ ಮೇಲೆ ಅವರ ಸಿಟ್ಟು ನಮ್ಮ ಕಡೆ ತಿರುಗಿತು. 'ಆವತ್ತು ಹುಡುಗ್ರು ಮಹಡಿಯಿಂದ ಮಹಡಿಗೆ ಹಾರೋ ಫೋಟೊ ಹಾಕಿ, ನಮ್ಮ ಹುಡುಗರ ಸಾಹಸ ಅಂತ ಬರೆದೋರು ನೀವೇ ಅಲ್ವಾ?' ಅಂದರು.

ಹೌದು, ನಾವೇ. ಈ ಪುಟದಲ್ಲೇ ಅಂಥ ಫೋಟೊ ಬಂದಿತ್ತು. ಎರಡು ಮಹಡಿಗಳ ನಡುವೆ ಗಾಳಿಯಲ್ಲಿ ತೇಲುತ್ತಿದ್ದ ಹುಡುಗನನ್ನು ನೋಡಿ ನಾವೂ ಬೆರಗಾಗಿದ್ದೆವು. ಆತ ಎಷ್ಟು ದಿನ ಅಭ್ಯಾಸ ಮಾಡಿದ್ದ, ಕೆಳಗೆ ಏನಿತ್ತು, ಕಾಲೂರಿದ ಮೇಲೆ ಏನಾಯಿತು ಅಂತ ಒಂದು ಮಾತು ಕೇಳಲಿಲ್ಲ. ಎತ್ತರವನ್ನೇ ಸಾಹಸ ಅಂತ ಓದುಗರ ಮುಂದಿಟ್ಟೆವು. ಆ ತಪ್ಪು ನಮ್ಮದು, ಒಪ್ಪಿಕೊಳ್ಳುತ್ತೇವೆ.

ಆ ತಂದೆ ಕೊನೆಗೆ ಫೋನನ್ನು ಮಗನ ಕೈಗೆ ಕೊಟ್ಟರು, ಬುದ್ಧಿ ಹೇಳಲಿ ಅಂತ. ನಾವು ಏನೋ ಎರಡು ಮಾತು ಹೇಳಿದೆವು. ಹುಡುಗ ತಗ್ಗಿದ ದನಿಯಲ್ಲಿ, 'ಅಲ್ಲಿ ಹಾರ್ಬೇಡ ಅಂತೀರ, ಸರಿ. ಎಲ್ಲಿ ಹಾರ್ಲಿ, ಹೇಳಿ' ಅಂದ. ನಮ್ಮ ಬಳಿ ಉತ್ತರ ಇರಲಿಲ್ಲ. ಈ ವಾರದ ಸಂಪಾದಕೀಯ ಆ ಪ್ರಶ್ನೆಗೆ.

ಮರಕೋತಿ ಆಡಿದವರು ನಾವೇ

ಮಕ್ಕಳು ಪಾರ್ಕೂರ್ ಅನ್ನುತ್ತಾರೆ. ದಾರಿ, ಓಟದ ಹಾದಿ ಅನ್ನುವ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಹೆಸರು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು. ನಡುವೆ ಗೋಡೆ, ಕಂಬಿ, ಕಟ್ಟೆ, ಮೆಟ್ಟಿಲು ಏನೇ ಬಂದರೂ ಬರೀ ಕೈಕಾಲನ್ನೇ ನಂಬಿ, ಚುರುಕಾಗಿ, ಪೆಟ್ಟಾಗದಂತೆ ದಾಟಬೇಕು. ಅಷ್ಟೇ ಆಟ. ಬ್ಯಾಟು ಬೇಡ, ನೆಟ್ಟು ಬೇಡ, ಹನ್ನೊಂದು ಜನ ಸೇರಬೇಕಾಗಿಲ್ಲ. ಫೀಸು ಕಟ್ಟಬೇಕಾಗಿಲ್ಲ.

ಇದು ಹೊರಗಿನಿಂದ ಬಂದ ಹುಚ್ಚು ಅಂತ ಮೂಗು ಮುರಿಯುವ ಮೊದಲು ನಲವತ್ತು ದಾಟಿದವರು ಒಮ್ಮೆ ನೆನಪು ಮಾಡಿಕೊಳ್ಳಲಿ. ಮರಕೋತಿ ಆಡಿಲ್ಲವೇ ನಾವು? ಒಬ್ಬ ಕಾಲಡಿಯಿಂದ ಕೋಲು ಬೀಸಿ ಎಸೆಯೋದು, ಕಳ್ಳ ಅದನ್ನು ತರುವಷ್ಟರಲ್ಲಿ ಉಳಿದವರೆಲ್ಲ ಆಲದ ಮರವನ್ನೋ ಮಾವಿನ ಮರವನ್ನೋ ಏರೋದು, ಕಳ್ಳ ಮುಟ್ಟಲು ಬಂದಾಗ ಕೊಂಬೆಗೆ ಜೋತು ನೆಲಕ್ಕೆ ಧುಮುಕಿ ಕೋಲು ಮುಟ್ಟೋದು. ಕುದುರೆಯಾಟದಲ್ಲಿ ಬಗ್ಗಿ ನಿಂತವನ ಬೆನ್ನಿಗೆ ಕೈಯೂರಿ ಹಾರುತ್ತಿದ್ದೆವಲ್ಲ, ಪಾರ್ಕೂರಿನವರು ಕಟ್ಟೆ ದಾಟುವುದೂ ಹೆಚ್ಚುಕಡಿಮೆ ಹಾಗೇ. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಬ್ಯಾರನ್ನಿನೊಳಗೆ ಸೊಪ್ಪಿನ ಕಡ್ಡಿ ಜೋಡಿಸುವವರು ಅಡ್ಡಪಟ್ಟಿಯಿಂದ ಅಡ್ಡಪಟ್ಟಿಗೆ ಕಾಲಿಟ್ಟು ಏರುತ್ತಾರೆ. ಚನ್ನರಾಯಪಟ್ಟಣದ ಕಡೆ ತೆಂಗಿನ ಮರ ಏರುವವರ ಹಿಡಿತ ನೋಡಿ. ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 600ಕ್ಕೂ ಮಿಕ್ಕಿದ ಕಲ್ಲಿನ ಮೆಟ್ಟಿಲ ಮೇಲೆ ವಯಸ್ಸಾದ ಯಾತ್ರಿಕರನ್ನು ಡೋಲಿಯಲ್ಲಿ ಹೊತ್ತು ಹತ್ತಿಳಿಯುವವರ ಮಂಡಿ ನೋಡಿ. ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ, ಹೆಸರು ಹೊಸದು.

ಬದಲಾದದ್ದು ಜಾಗ. ಘಟ್ಟ ಹತ್ತಿ ಬಂದು ಅಂಗಡಿ, ಹೋಟೆಲು, ಮೀನು, ಅಡಿಕೆ ವ್ಯಾಪಾರ ಅಂತ ಈ ಊರುಗಳಲ್ಲಿ ನೆಲೆ ನಿಂತ ನಮ್ಮ ಬ್ಯಾರಿ ಮನೆಗಳಲ್ಲಿ ಎಷ್ಟಕ್ಕೆ ಅಂಗಳ ಉಂಟು? ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ನೀರಿನ ಟ್ಯಾಂಕು. ಬೆಳಿಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಟ್ಯೂಷನ್. ಬಿಡುವಾದರೆ ಬಾಪನ ಅಂಗಡಿಯ ಗಲ್ಲಾಪೆಟ್ಟಿಗೆ ಹತ್ತಿರ ಕೂರೋದು. ಹದಿನಾಲ್ಕು ವರ್ಷದ ಮೈಗೆ ಹಸಿವಿರುತ್ತದೆ, ಅನ್ನದ ಹಸಿವಲ್ಲ. ಆ ಹಸಿವಿಗೆ ಮರ ಸಿಗದ ಹುಡುಗ ಮಹಡಿ ಏರುತ್ತಾನೆ. ಅವನ ಮೇಲೆ ಸಿಟ್ಟಾಗುವ ಮೊದಲು ನಾವು ಅವನಿಗೆ ಏನು ಬಿಟ್ಟಿದ್ದೇವೆ ಅಂತಲೂ ಕೇಳಿಕೊಳ್ಳಬೇಕು.

ಪ್ರಾಣ ಉಳಿಸಲು ಹುಟ್ಟಿದ ವಿದ್ಯೆ

ಹುಡುಗರು ರೀಲ್ಸಿನಲ್ಲಿ ನೋಡುವ ಆಟಕ್ಕೂ ಅದು ಹುಟ್ಟಿದ ಕತೆಗೂ ತುಂಬ ಅಂತರವಿದೆ. 1902ರ ಮೇ ತಿಂಗಳಲ್ಲಿ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಪೆಲೇ ಜ್ವಾಲಾಮುಖಿ ಸಿಡಿದು ಸೇಂಟ್ ಪಿಯರ್ ಪಟ್ಟಣವೇ ಸುಟ್ಟುಹೋಯಿತು. ಸತ್ತವರು ಸುಮಾರು 30 ಸಾವಿರ. ಆಗ ಅಲ್ಲಿ ಜನರನ್ನು ಪಾರುಮಾಡುವ ಕೆಲಸದಲ್ಲಿದ್ದರು ಎಂದು ಹೇಳಲಾಗುವ ಫ್ರೆಂಚ್ ನೌಕಾ ಅಧಿಕಾರಿ ಜಾರ್ಜ್ ಎಬೇರ್, ಮುಂದೆ ಓಟ, ಹತ್ತುವುದು, ಜಿಗಿತ, ಸಮತೋಲ, ಭಾರ ಎತ್ತುವುದು, ಈಜು ಎಲ್ಲ ಸೇರಿದ ವ್ಯಾಯಾಮ ಪದ್ಧತಿಯೊಂದನ್ನು ಕಟ್ಟಿದರು. ಅವರ ಮಾತಿನ ತಿರುಳು ಇಷ್ಟೇ: ಬಲ ಇರಬೇಕಾದ್ದು ಇನ್ನೊಬ್ಬರಿಗೆ ಉಪಯೋಗವಾಗಲು.

ಆ ಪದ್ಧತಿಯಿಂದ ಫ್ರೆಂಚ್ ಸೇನೆಯ ತರಬೇತಿಗೆ ಅಡೆತಡೆಗಳ ಓಟ ಬಂತು. ವಿಯೆಟ್ನಾಮಿನಲ್ಲಿ 1939ರಲ್ಲಿ ಹುಟ್ಟಿ, ಅಲ್ಲಿನ ಸೈನಿಕ ಶಾಲೆಯಲ್ಲಿ ಬೆಳೆದ ರೇಮಂಡ್ ಬೆಲ್ ಎಂಬ ಹುಡುಗ ತನ್ನನ್ನು ತಾನು ಕಾಪಾಡಿಕೊಳ್ಳಲು ರಾತ್ರಿ ಎದ್ದು ಒಬ್ಬನೇ ಇದನ್ನೆಲ್ಲ ಅಭ್ಯಾಸ ಮಾಡುತ್ತಿದ್ದ. ದೊಡ್ಡವನಾದ ಮೇಲೆ ಪ್ಯಾರಿಸ್ಸಿನ ಅಗ್ನಿಶಾಮಕ ದಳ ಸೇರಿ ಹೆಸರು ಮಾಡಿದ. 1973ರಲ್ಲಿ ಹುಟ್ಟಿದ ಅವನ ಮಗ ಡೇವಿಡ್ ಬೆಲ್, ಪ್ಯಾರಿಸ್ ಹೊರವಲಯದ ಲಿಸ್ ಎಂಬ ಊರಿನಲ್ಲಿ ಗೆಳೆಯರ ಜೊತೆ ಕಾಂಕ್ರೀಟಿನ ಕಟ್ಟೆ, ಮೆಟ್ಟಿಲು, ಗೋಡೆಗಳ ಮೇಲೆ ಬೆಳೆಸಿದ ಆಟವೇ ಇವತ್ತಿನ ಪಾರ್ಕೂರ್. ಅವರಲ್ಲಿ ಆಫ್ರಿಕ, ಏಷ್ಯಾ ಮೂಲದ ವಲಸೆ ಮನೆಗಳ ಮಕ್ಕಳೂ ಇದ್ದರು. ಆ ಗುಂಪಿನ ಹೆಸರು ಯಾಮಕಾಸಿ. ಅದು ಕಾಂಗೋ ಕಡೆಯ ಲಿಂಗಾಲ ಭಾಷೆಯಿಂದ ಬಂದದ್ದು, ಗಟ್ಟಿ ಮೈಯ, ಗಟ್ಟಿ ಮನಸ್ಸಿನವರು ಅನ್ನುವ ಅರ್ಥದ್ದು.

ಆಮೇಲೆ ಸಿನಿಮಾ ಬಂತು. 2001ರಲ್ಲಿ ಯಾಮಕಾಸಿ, 2004ರಲ್ಲಿ ಡೇವಿಡ್ ಬೆಲ್ ನಟಿಸಿದ ಬಾನ್ಲ್ಯೂ 13, 2006ರಲ್ಲಿ ಜೇಮ್ಸ್ ಬಾಂಡಿನ ಕ್ಯಾಸಿನೊ ರೊಯಾಲ್. ಲೋಕಕ್ಕೆಲ್ಲ ಕಂಡದ್ದು ಕ್ರೇನಿನಿಂದ ಕ್ರೇನಿಗೆ ಹಾರುವ ದೃಶ್ಯ. ಅದರ ಹಿಂದೆ ಹತ್ತಾರು ವರ್ಷ ನೆಲದ ಮೇಲೆ ಮಾಡಿದ ಅಭ್ಯಾಸ ಯಾರಿಗೂ ಕಾಣಲಿಲ್ಲ. ಬ್ರಿಟನ್ 2017ರಲ್ಲಿ ಇದನ್ನು ಕ್ರೀಡೆಯೆಂದು ಒಪ್ಪಿತು. ಅಂತಾರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ 2022ರಲ್ಲಿ ಟೋಕಿಯೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಇದು ಪದಕದ ಆಟವೇ ಅಲ್ಲ, ಜಿಮ್ನಾಸ್ಟಿಕ್ಸಿನವರು ಇದನ್ನು ಎತ್ತಿಕೊಳ್ಳಬಾರದು ಅಂತ ಜಗಳ ಆಡುವ ಹಳಬರೂ ಇದ್ದಾರೆ.

ಗಾಜಾದ ಖಾನ್ ಯೂನಿಸಿನ ಹುಡುಗರ ಕತೆಯನ್ನು ನಮ್ಮ ಓದುಗರು ಕೇಳಿರಬಹುದು. 2005ರ ಸುಮಾರಿಗೆ ಅಲ್ಲಿನ ನಿರಾಶ್ರಿತರ ಶಿಬಿರದ ಕೆಲವರು ಟೀವಿಯಲ್ಲಿ ನೋಡಿದ್ದನ್ನೇ ಗುರು ಮಾಡಿಕೊಂಡು ಪಾರ್ಕೂರ್ ಶುರು ಮಾಡಿದರು. ಜಾಗ ಇರಲಿಲ್ಲ. ಸ್ಮಶಾನದ ಬಯಲಿನಲ್ಲಿ, ಮರಳ ದಿಬ್ಬಗಳಲ್ಲಿ ಕಲಿತರು. ಗೋಡೆಗಳೇ ತುಂಬಿದ ಊರಿನಲ್ಲಿ ಗೋಡೆ ದಾಟುವ ಆಟ ಅವರಿಗೆ ಯಾಕೆ ಬೇಕಾಯಿತು ಅಂತ ವಿವರಿಸಬೇಕಾಗಿಲ್ಲ. ಆದರೆ ಒಂದನ್ನು ಗಮನಿಸಿ. ಆ ಹುಡುಗರೂ ಮೊದಲು ಹುಡುಕಿದ್ದು ಮರಳನ್ನು.

ನಮ್ಮಲ್ಲೇ ನೋಡುವುದಾದರೆ, ಚಿತ್ರದುರ್ಗದ ಕೋಟೆಯಲ್ಲಿ ಹಗ್ಗವಿಲ್ಲದೆ ಗೋಡೆ ಏರುವ ಜ್ಯೋತಿರಾಜ್ ಅವರನ್ನು ತಿಳಿಯದ ಹುಡುಗ ಇಲ್ಲ. ಜನ ಪ್ರೀತಿಯಿಂದ ಕೋತಿರಾಜ ಅನ್ನುತ್ತಾರೆ. ಅವರು ಮಾಡುವುದು ಬಂಡೆ ಏರುವ ವಿದ್ಯೆ, ಪಾರ್ಕೂರ್ ಅಲ್ಲ, ಆದರೆ ಹುಡುಗರ ಕಣ್ಣಿಗೆ ಎರಡೂ ಒಂದೇ. ಅವರ ಬೆರಳಿಗೆ ಆ ಕೋಟೆಯ ಕಲ್ಲುಗಳ ಪರಿಚಯ ವರ್ಷಗಟ್ಟಲೆಯದು. ಅಷ್ಟು ಪಳಗಿದವರೂ 2018ರಲ್ಲಿ ಜೋಗದ ಕಣಿವೆಗೆ ಇಳಿದಾಗ ಸಿಲುಕಿಕೊಂಡು ಮರುದಿನ ಪತ್ತೆಯಾದರು. ಪಳಗಿದವರಿಗೇ ಹೀಗಾದರೆ, ಮೂರು ವಿಡಿಯೊ ನೋಡಿ ಮಹಡಿ ಏರಿದವನ ಗತಿ ಏನು?

ಬೀಳೋದನ್ನು ಕಲಿಯೋದೇ ಮೊದಲ ಪಾಠ

ಲೆಕ್ಕ ಸುಲಭ, ಹೈಸ್ಕೂಲಿನ ವಿಜ್ಞಾನ ಪುಸ್ತಕದ್ದೇ. ಎರಡು ಅಡಿ ಎತ್ತರದಿಂದ ಜಿಗಿದವನು ನೆಲ ಮುಟ್ಟುವಾಗ ಗಂಟೆಗೆ ಸುಮಾರು 12 ಕಿ.ಮೀ. ವೇಗದಲ್ಲಿರುತ್ತಾನೆ. ಒಂದು ಮಹಡಿ, ಅಂದರೆ ಹತ್ತು ಅಡಿಯಿಂದ ಬಿದ್ದರೆ ಸುಮಾರು 28 ಕಿ.ಮೀ. ಪೇಟೆಯೊಳಗೆ ಸ್ಕೂಟರು ಓಡುವ ವೇಗ ಅದು. ಆ ವೇಗದ ಸ್ಕೂಟರನ್ನು ಬ್ರೇಕು ಹಾಕಿ ನಿಲ್ಲಿಸುವುದಕ್ಕೂ ಗೋಡೆಗೆ ಗುದ್ದಿ ನಿಲ್ಲಿಸುವುದಕ್ಕೂ ಎಷ್ಟು ಅಂತರ! ಕಾಲನ್ನು ಸೆಟೆಸಿ ನೆಲಕ್ಕೆ ಬಂದವನ ದೇಹ ಎರಡಿಂಚಿನೊಳಗೆ ನಿಲ್ಲುತ್ತದೆ. ಮುಂಗಾಲೂರಿ, ಮಂಡಿ ಬಗ್ಗಿಸಿ ಬಂದವನ ದೇಹ ಒಂದೂವರೆ ಅಡಿಯಲ್ಲಿ ನಿಲ್ಲುತ್ತದೆ. ನಿಲ್ಲುವ ದೂರ ಒಂಬತ್ತು ಪಟ್ಟಾದರೆ ಮೂಳೆಗೆ ಬೀಳುವ ಪೆಟ್ಟು ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಬೆಳೆಯುವ ಮಕ್ಕಳ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತದೆ. ಅಲ್ಲಿ ಪೆಟ್ಟಾದರೆ ಬೆಳವಣಿಗೆಗೇ ತೊಂದರೆ ಆಗಬಹುದು.

ಹಾಗಾಗಿ ಮೊದಲ ಪಾಠ ಹಾರೋದಲ್ಲ, ಇಳಿಯೋದು. ಗರಡಿ ಮನೆಯ ಉಸ್ತಾದರೂ ಹೊಸ ಹುಡುಗನಿಗೆ ಮೊದಲು ಕಲಿಸುತ್ತಿದ್ದದ್ದು ಮಟ್ಟಿಯ ಮೇಲೆ ಬೀಳೋದನ್ನೇ. ಕೋಲ್ಕಳಿ ಆಡುವ ನಮ್ಮ ಹಿರಿಯರನ್ನು ಕೇಳಿ ನೋಡಿ. ಮಂಡಿ ಸಡಿಲ ಇಲ್ಲದವನು ಆ ತಾಳಕ್ಕೆ ಕುಪ್ಪಳಿಸಲಾರ.

ಶುರು ಮಾಡುವವರಿಗೆ ನಾವು ತಿಳಿದು, ಕೇಳಿ, ಓದಿ ಹೇಳಬಹುದಾದ ಮೊದಲ ಒಂದು ತಿಂಗಳ ದಾರಿ ಇದು.

ಮೊದಲ ವಾರ ಗೋಡೆಯ ಹತ್ತಿರ ಹೋಗಬೇಡಿ. ಹತ್ತು ನಿಮಿಷ ನಿಧಾನ ಓಟ, ಕಣಕಾಲು, ಮಂಡಿ, ಮಣಿಕಟ್ಟು, ಭುಜ ತಿರುಗಿಸಿ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಬಸ್ಕಿ, ದಂಡ, ಕೊಂಬೆಗೋ ಕಂಬಿಗೋ ಜೋತು ನಿಲ್ಲೋದು. ಆಮೇಲೆ ನಾಲ್ಕು ಕಾಲಿನ ನಡಿಗೆ, ಅಂದರೆ ಮಂಡಿ ನೆಲಕ್ಕೆ ತಾಗದಂತೆ ಅಂಗೈ, ಪಾದ ಊರಿ ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಹೋಗೋದು. ನೋಡುವವರಿಗೆ ನಗು ಬರಬಹುದು. ಇಪ್ಪತ್ತು ಹೆಜ್ಜೆಗೆ ಮಾಡುವವನ ಬೆವರು ಇಳಿಯುತ್ತದೆ. ಮುಂದೆ ಗೋಡೆ ದಾಟುವಾಗ ಭುಜ, ಮಣಿಕಟ್ಟು ಕಾಪಾಡುವುದು ಇದೇ.

ಎರಡನೇ ವಾರ ಇಳಿಯುವ ಅಭ್ಯಾಸ. ಒಂದಡಿ ಎತ್ತರದ ಮೆಟ್ಟಿಲು ಸಾಕು. ಹುಲ್ಲೋ ಮಣ್ಣೋ ಇರುವ ಕಡೆ ಎರಡೂ ಮುಂಗಾಲು ಒಟ್ಟಿಗೆ ಊರಿ, ಮಂಡಿ ಒಳಕ್ಕೆ ವಾಲದಂತೆ ಬಗ್ಗಿಸಿ, ಬೇಕಾದರೆ ಕೈಯನ್ನೂ ಮುಂದೆ ನೆಲಕ್ಕೆ ಊರಿ ಇಳಿಯಿರಿ. ಸರಿ ಬಂತೋ ಇಲ್ಲವೋ ಅಂತ ತಿಳಿಯಲು ಮೇಷ್ಟ್ರು ಬೇಡ, ಕಿವಿ ಸಾಕು. ಧಡ್ ಅಂತ ಸದ್ದಾದರೆ ತಪ್ಪು. ಬೆಕ್ಕು ಇಳಿದ ಹಾಗೆ ಸದ್ದೇ ಇರದಿದ್ದರೆ ಸರಿ. ನೂರು ಸಲ ಸದ್ದಿಲ್ಲದೆ ಇಳಿದ ಮೇಲೆ ಎರಡಡಿಗೆ ಹೋಗಿ.

ಮೂರನೇ ವಾರ ಉರುಳು. ತಲೆಯ ಮೇಲಿನ ಪಲ್ಟಿ ಅಲ್ಲ ಇದು. ಒಂದು ಭುಜದಿಂದ ಶುರುವಾಗಿ ಬೆನ್ನಿನ ಮೇಲೆ ಓರೆಯಾಗಿ ಹಾದು ಎದುರು ಬದಿಯ ಸೊಂಟದ ಮೇಲೆ ಮುಗಿಯಬೇಕು. ತಲೆಯೂ ಬೆನ್ನುಮೂಳೆಯೂ ನೆಲಕ್ಕೆ ಬಡಿಯಬಾರದು. ಕುಕ್ಕರುಗಾಲಲ್ಲಿ ಕೂತು, ಹುಲ್ಲಿನ ಮೇಲೆ ಅಥವಾ ಮರಳಿನ ಮೇಲೆ ಶುರು ಮಾಡಿ. ಬೈಕಿನಿಂದ ಬಿದ್ದಾಗಲೂ, ಮಳೆಯಲ್ಲಿ ಜಾರಿದಾಗಲೂ ಪೆಟ್ಟು ಕಡಿಮೆ ಮಾಡಬಲ್ಲ ವಿದ್ಯೆ ಇದು.

ನಾಲ್ಕನೇ ವಾರ ಸಮತೋಲ ಮತ್ತು ನಿಖರ ಜಿಗಿತ. ನೆಲದ ಮೇಲೆ ಎರಡು ಗೆರೆ ಎಳೆದು ಒಂದರಿಂದ ಇನ್ನೊಂದಕ್ಕೆ ಜಿಗಿದು ಅಲ್ಲಾಡದೆ ನಿಲ್ಲಿ. ಹತ್ತಕ್ಕೆ ಹತ್ತೂ ಸರಿ ಬಂದ ಮೇಲೆ ಗೆರೆಯ ಬದಲು ಇಟ್ಟಿಗೆಯಷ್ಟು ಎತ್ತರ. ಸೊಂಟದ ಮಟ್ಟದ ಗಟ್ಟಿ ಕಟ್ಟೆಯ ಮೇಲೆ ಒಂದು ಕೈ, ಎದುರು ಬದಿಯ ಒಂದು ಕಾಲು ಇಟ್ಟು, ಇನ್ನೊಂದು ಕಾಲನ್ನು ನಡುವೆ ತೂರಿಸಿ ದಾಟೋದನ್ನು ನಡೆಯುತ್ತಲೇ ಕಲಿಯಿರಿ, ಓಡಬೇಡಿ.

ಒಂದು ತಿಂಗಳಾದರೂ ಮಹಡಿ ಬರಲಿಲ್ಲ ಅಂತ ಹುಡುಗರಿಗೆ ಬೇಜಾರಾಗಬಹುದು. ಇದೇ ಕೆಲಸವನ್ನು ಆರು ತಿಂಗಳು ಮಾಡಿ. ದಿನ ಬಿಟ್ಟು ದಿನ ಮಾಡಿದರೆ ಸಾಕು. ನೋವಿದ್ದ ದಿನ ಬಿಡುವು ಕೊಡಿ. ತಲೆಯೆತ್ತರ ಮೀರಿದ ಜಿಗಿತಕ್ಕೆ ಬಲ್ಲವರ ಕಣ್ಣೆದುರಲ್ಲದೆ ಕೈ ಹಾಕಬೇಡಿ. ಬೂಟು ದುಬಾರಿಯದು ಬೇಕಿಲ್ಲ, ಅಟ್ಟೆ ಚಪ್ಪಟೆಯಾಗಿ ಹಿಡಿತವಿದ್ದು ಸವೆಯದೆ ಇದ್ದರೆ ಸಾಕು. ಹವಾಯಿ ಚಪ್ಪಲಿ ಮಾತ್ರ ಬೇಡವೇ ಬೇಡ.

ಎಲ್ಲಿ ಹಾರ್ಲಿ?

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಮೊದಲು ಎಲ್ಲಿ ಬೇಡ ಅಂತ ಹೇಳಿಬಿಡುತ್ತೇವೆ. ಅರ್ಧಕ್ಕೆ ನಿಂತ ಕಟ್ಟಡ ಬೇಡ. ಅಲ್ಲಿ ಕಬ್ಬಿಣದ ಸರಳು ನಿಗುರಿ ನಿಂತಿರುತ್ತದೆ, ಸಜ್ಜಾ ಎಷ್ಟು ಭಾರ ತಡೆಯುತ್ತದೋ ಕಟ್ಟಿದವನಿಗೇ ತಿಳಿಯದು. ಹೇಮಾವತಿಯ ನಾಲೆಗಳ ದಂಡೆ ಬೇಡ. ಇಳಿಜಾರಿನ ಕಾಂಕ್ರೀಟು ಜಾರುತ್ತದೆ, ಒಳಗೆ ಬಿದ್ದವನಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಈಜು ಬಲ್ಲವರೂ ಮೇಲೆ ಬರಲಾರರು. ರೈಲು ಹಳಿ, ಮೇಲ್ಸೇತುವೆ, ಕರೆಂಟು ತಂತಿ ಹಾದುಹೋದ ಮಹಡಿ ಬೇಡ. ಹೊಯ್ಸಳರ ಗುಡಿಗಳ ಜಗತಿ, ಸಕಲೇಶಪುರದ ಬಳಿ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯ ಗೋಡೆ, ಇವು ನೋಡಲಿಕ್ಕೆ, ಕಾಪಾಡಲಿಕ್ಕೆ. ಅವುಗಳ ಮೇಲೆ ಹಾರುವುದು ಕಾನೂನಿಗೂ ವಿರುದ್ಧ, ಮರ್ಯಾದೆಗೂ ವಿರುದ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಗೋಡೆಗಳಿಗೆ ಪಾಚಿ ಕಟ್ಟುತ್ತದೆ, ಆಗ ಹೊರಗಿನ ಕಟ್ಟೆಗಳೂ ಬೇಡ.

ಇನ್ನು ಎಲ್ಲಿ? ನಮ್ಮ ಊರುಗಳಲ್ಲಿ ಬೇಕಾದ್ದು ಇದೆ, ಜೋಡಿಸುವವರಿಲ್ಲ ಅಷ್ಟೆ. ಚನ್ನರಾಯಪಟ್ಟಣದ ಕಡೆ ತೆಂಗಿನ ನಾರಿನ ಪುಡಿ ರಾಶಿರಾಶಿ ಸಿಗುತ್ತದೆ. ಒಂದು ಟ್ರ್ಯಾಕ್ಟರ್ ಲೋಡು ಹಾಕಿಸಿ ಒಂದಡಿ ದಪ್ಪಕ್ಕೆ ಹರಡಿದರೆ ಉರುಳು ಕಲಿಯಲು ಸಾವಿರಾರು ರೂಪಾಯಿಯ ಹಾಸಿಗೆ ಬೇಕಾಗಿಲ್ಲ. ಅರಕಲಗೂಡು, ಹೊಳೆನರಸೀಪುರದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಹುಲ್ಲು ಸಿಗುತ್ತದೆ. ಪಂಕ್ಚರ್ ಅಂಗಡಿಗಳಲ್ಲಿ ಹಳೆ ಟೈರು ಬಿದ್ದಿವೆ. ಅರ್ಧ ಹೂತರೆ ಜಿಗಿಯಲು ಕಟ್ಟೆ, ಒಂದರ ಮೇಲೊಂದು ಕಟ್ಟಿದರೆ ದಾಟಲು ಗೋಡೆ. ಹಾಸನದಲ್ಲಿ ಜಿಲ್ಲಾ ಕ್ರೀಡಾಂಗಣ ಇದೆ. ಬೆಳಿಗ್ಗೆ ಒಂದು ಮೂಲೆ ಬಿಟ್ಟುಕೊಡಿ ಅಂತ ಹತ್ತು ಮಕ್ಕಳ ತಂದೆತಾಯಿ ಹೋಗಿ ಕೇಳಿದರೆ ಕೇಳಿಸಿಕೊಳ್ಳುವವರು ಸಿಗುತ್ತಾರೆ. ನಾವು ಕೇಳಿಲ್ಲ, ಅದೇ ವಿಷಯ.

ನಮ್ಮ ಜಮಾಅತ್ ಕಮಿಟಿಗಳಿಗೆ ನೇರವಾಗಿ ಒಂದು ಮಾತು. ಮದುವೆ ಹಾಲ್‌ಗಳು ವರ್ಷದಲ್ಲಿ ಎಷ್ಟು ದಿನ ಖಾಲಿ ಬೀಗ ಹಾಕಿಕೊಂಡಿರುತ್ತವೆ? ಆ ಹಾಲಿನ ಹಿಂದಿನ ಅಂಗಳದಲ್ಲಿ ಹತ್ತಡಿ ಅಗಲ ಮೂವತ್ತಡಿ ಉದ್ದ ಜಾಗ, ಒಂದು ಲೋಡು ಮರಳು, ಹತ್ತು ಟೈರು, ಎರಡು ಕಂಬಿ. ಒಂದು ಮದುವೆಯ ಪೆಂಡಾಲಿಗೆ ಆಗುವ ಖರ್ಚು ಕೂಡ ಇದಕ್ಕೆ ಬೇಕಾಗುವುದಿಲ್ಲ. ಬೇಲಿ ಮಾತ್ರ ಬೇಡ. ಪಕ್ಕದ ಬೀದಿಯ ಯಾರ ಮಕ್ಕಳು ಬಂದರೂ ಆಡಲಿ. ಒಟ್ಟಿಗೆ ಬಿದ್ದು ಎದ್ದವರು ದೊಡ್ಡವರಾದ ಮೇಲೂ ಒಬ್ಬರಿಗೊಬ್ಬರು ಹೆಗಲಾಗುತ್ತಾರೆ.

ಹೇಳಲೇಬೇಕಾದ ಎರಡು ಮಾತು

ಒಂದು, ಅನುಮತಿ. ಕತ್ತಲಾದ ಮೇಲೆ ನಾಲ್ಕು ಹುಡುಗರು ಇನ್ನೊಬ್ಬರ ಕಾಂಪೌಂಡಿನ ಮೇಲೆ ಓಡಿದರೆ ನೋಡಿದವರು ಕ್ರೀಡೆ ಅನ್ನುವುದಿಲ್ಲ, ಕಳ್ಳರು ಅನ್ನುತ್ತಾರೆ. ಅದರಲ್ಲಿ ಒಬ್ಬನ ಹೆಸರು ನಮ್ಮ ಮಕ್ಕಳ ಹೆಸರಾಗಿದ್ದರೆ ಆ ಮಾತು ಎಲ್ಲಿಂದ ಎಲ್ಲಿಗೆ ಹೋದೀತು ಅಂತ ಈ ಕಾಲದಲ್ಲಿ ಹೇಳಬೇಕಾಗಿಲ್ಲ. ಇದು ನ್ಯಾಯವೇ ಅಂದರೆ ಅಲ್ಲ. ಆದರೂ ಹದಿನೈದು ವರ್ಷದ ಹುಡುಗನ ಮೇಲೆ ಆ ಭಾರ ಹಾಕಬಾರದು. ಹಗಲು ಆಡಿ. ಜಾಗದವರನ್ನು ಕೇಳಿ ಆಡಿ. ಬೇಡ ಅಂದರೆ ಸಲಾಂ ಹೇಳಿ ಹೊರಡಿ. ಆಡಿದ ಜಾಗವನ್ನು ಗುಡಿಸಿ ಬನ್ನಿ. ಪಾರ್ಕೂರ್ ಕಟ್ಟಿದ ಹಳಬರೂ ಎತ್ತರಕ್ಕಿಂತ ಮೊದಲು ಕಲಿಸುವುದು ಜಾಗಕ್ಕೆ ಮರ್ಯಾದೆ ಕೊಡೋದನ್ನೇ.

ಎರಡು, ಹೆಣ್ಣುಮಕ್ಕಳು. ಇಷ್ಟು ಹೊತ್ತು ಹುಡುಗ ಹುಡುಗ ಅಂತಲೇ ಬರೆದೆವು, ಅದೂ ನಮ್ಮ ಅಭ್ಯಾಸಬಲ. ಇರಾನಿನ ಪಾರ್ಕುಗಳಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡೇ ಗೋಡೆ ದಾಟುವ ಹೆಣ್ಣುಮಕ್ಕಳ ಸುದ್ದಿ ಹಲವು ವರ್ಷಗಳಿಂದ ಬರುತ್ತಿದೆ. ನಮ್ಮ ಮಕ್ಕಳಿಗೆ ಏನು ಕಡಿಮೆ? ಸಡಿಲ ಪ್ಯಾಂಟು, ಉದ್ದ ತೋಳಿನ ಅಂಗಿ, ಪಿನ್ನು ಚುಚ್ಚದೆ ಬಿಗಿಯಾಗಿ ಕಟ್ಟಿದ ಸ್ಕಾರ್ಫ್ ಇದ್ದರೆ ಇಳಿಯೋದು, ಉರುಳೋದು, ಸಮತೋಲ ಎಲ್ಲ ಆಗುತ್ತದೆ. ಅವರಿಗೆ ಬೇರೆ ಹೊತ್ತು ಬೇಕಿದ್ದರೆ ಬೇರೆ ಹೊತ್ತು ಇಡೋಣ. ಜೊತೆಗೆ ಒಬ್ಬ ಉಮ್ಮ ಬಂದು ಕೂತರೆ ಸಾಕು. ಕೂತವರೂ ಎದ್ದು ನಾಲ್ಕು ಬಸ್ಕಿ ತೆಗೆದರೆ ಸಕ್ಕರೆ ಕಾಯಿಲೆಗೂ ಒಳ್ಳೇದು.

ಹೆತ್ತವರಿಗೆ ಒಂದು ಭಯ ಇದ್ದೇ ಇದೆ. ಇದನ್ನು ಕಲಿಸಿದರೆ ಮಕ್ಕಳು ಇನ್ನಷ್ಟು ಎತ್ತರ ಏರುವುದಿಲ್ಲವೇ ಅಂತ. ನಮಗೂ ಆ ಭಯ ಇತ್ತು. ಆದರೆ ನೋಡಿ, ಕಲಿಯದವನಿಗೇ ಎತ್ತರ ಸದರ. ಎರಡಡಿಯಿಂದ ಸದ್ದಿಲ್ಲದೆ ಇಳಿಯಲು ನೂರು ಸಲ ಹೆಣಗಿದವನಿಗೆ ಹತ್ತಡಿ ಅಂದರೆ ಏನು ಅಂತ ಮೈಗೇ ಗೊತ್ತಾಗುತ್ತದೆ. ಅವನು ಜಿಗಿಯುವ ಮೊದಲು ಕೆಳಗೆ ಹೋಗಿ ನೆಲ ಮುಟ್ಟಿ ನೋಡುತ್ತಾನೆ, ಗಾಜು ಇದೆಯೇ, ಕಟ್ಟೆ ಅಲುಗಾಡುತ್ತದೆಯೇ ಅಂತ ನೋಡುತ್ತಾನೆ, ಇವತ್ತು ಆಗಲ್ಲ ಅಂತ ವಾಪಸು ಬರುತ್ತಾನೆ. ಆಗಲ್ಲ ಅಂತ ವಾಪಸು ಬರುವ ಧೈರ್ಯ ಈ ಆಟ ಕಲಿಸುವ ದೊಡ್ಡ ಪಾಠ. ಬಾಜಿ ಕಟ್ಟುವ, ಬೈಕಿನಲ್ಲಿ ವ್ಹೀಲಿಂಗ್ ಮಾಡುವ ವಯಸ್ಸಿನ ಮಕ್ಕಳಿಗೆ ಇದಕ್ಕಿಂತ ಬೇಕಾದ ಪಾಠ ಇನ್ನೊಂದಿಲ್ಲ.

ಎಷ್ಟೇ ಜಾಗ್ರತೆ ಇದ್ದರೂ ಪೆಟ್ಟಾಗಬಹುದು. ಒಬ್ಬೊಬ್ಬರೇ ಅಭ್ಯಾಸ ಮಾಡಬೇಡಿ. ತಲೆಗೋ ಕುತ್ತಿಗೆಗೋ ಪೆಟ್ಟಾದವನನ್ನು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ, ಅಲುಗಿಸದೆ 108ಕ್ಕೆ ಫೋನ್ ಮಾಡಿ. ಊದಿದ ಕಾಲಿಗೆ ಎಣ್ಣೆ ಹಾಕಿ ತಿಕ್ಕಬೇಡಿ, ಎಕ್ಸ್‌ರೇ ತೆಗೆಸಿ. ಮನೆಯಲ್ಲಿ ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಬೈಯುವವರೂ ಸ್ವಲ್ಪ ತಡೆಯಿರಿ. ಮುರಿದದ್ದನ್ನು ಮುಚ್ಚಿಡುವ ಮಗನಿಗಿಂತ ಬಂದು ಹೇಳುವ ಮಗ ಮೇಲು.

ಹೊಳೆನರಸೀಪುರದ ಆ ಹುಡುಗನ ಕೈಯ ಪ್ಲಾಸ್ಟರ್ ಬಿಚ್ಚಲು ಇನ್ನೂ ಕೆಲವು ವಾರ ಇದೆ. ಅಷ್ಟರಲ್ಲಿ ಅವನ ಊರಿನಲ್ಲಿ ಒಂದು ಲೋಡು ಮರಳು ಬೀಳಬೇಕು. ಯಾರು ಹಾಕಿಸುತ್ತೀರಿ? ಹಾಸನ, ಅರಕಲಗೂಡು, ಚನ್ನರಾಯಪಟ್ಟಣದವರೂ ಉತ್ತರಿಸಬಹುದು. ಜಾಗ ಕೊಡುವವರು, ಟೈರು ಕೊಡುವವರು, ಶಾಲೆಗಳ ದೈಹಿಕ ಶಿಕ್ಷಕರು, ಗರಡಿಯಲ್ಲಿ ಸಾಮು ಮಾಡಿದ ಹಿರಿಯರು ಈ ಪುಟಕ್ಕೆ ಬರೆಯಿರಿ, ಒಬ್ಬರನ್ನೊಬ್ಬರಿಗೆ ಪರಿಚಯ ಮಾಡಿಸುವುದು ನಮ್ಮ ಕೆಲಸ.

ಇನ್ನು ಫೋಟೊ ವಿಷಯ. ಮಹಡಿಯಿಂದ ಮಹಡಿಗೆ ಹಾರುವ ಫೋಟೊವನ್ನು ಈ ಪುಟ ಇನ್ನು ಪ್ರಕಟಿಸುವುದಿಲ್ಲ. ಎರಡಡಿ ಕಟ್ಟೆಯಿಂದ ಸದ್ದಿಲ್ಲದೆ ಇಳಿದ ಫೋಟೊ ಕಳಿಸಿ. ಹಾಕುತ್ತೇವೆ, ದೊಡ್ಡದಾಗಿಯೇ.